ಗಾಜಿನ ಕಡಲಿನಲ್ಲಿ ಹವಳದ ಹಬ್ಬುಗೆ

ಹವಳವೆಂದೊಡನೆ ನಮ್ಮ ಗೃಹಿಣಿಯರಿಗೆ ಕೊರಳಿನ ಸರ ನೆನಪಾಗುತ್ತದೆ. ಆದರೆ ಹವಳದ ಕುಲ ಜೀವಿಗಳ ಕುಲ. ಅದು ಬೆಳೆಯಬಲ್ಲುದು, ಹಬ್ಬಬಲ್ಲುದು. ಇದು ನನಗೆ ಮನದಟ್ಟಾದುದು ಯಲಹಂಕದ ಮಿತ್ರರೊಬ್ಬರ ಮನೆಯಲ್ಲಿ. ಕಡಲಿಲ್ಲದ ಈ ಊರಿನಲ್ಲಿ ಅವರು ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣ ಬೆರೆಸಿ, ಗಾಜಿನ ತೊಟ್ಟಿಯಲ್ಲಿ ಪುಟ್ಟ ಸಮುದ್ರವನ್ನೇ ಕಟ್ಟಿದ್ದಾರೆ.

ಅಲ್ಲಿ ಹವಳದ ದಾಯಾದಿಯಾದ ಜೊವಾಂಥಿಡ್ ಎಂಬ ಜೀವಿ ಅಂಗಿಯ ಗುಂಡಿಯಷ್ಟಗಲದ ಹೂಗಳಂತೆ ಅರಳಿ, ಕಲ್ಲನ್ನು ದಾಟಿ ಪಂಪನ್ನೇ ಆವರಿಸಿತ್ತು. ನೋಡಲು ಚೆಲುವು, ಆದರೆ ಪಂಪಿನ ಬಾಯಿ ಕಟ್ಟಿದರೆ ನೀರಿನ ಓಟ ಕುಗ್ಗಿ, ಪ್ರಾಣವಾಯು ಸಾಲದೆ ಮೀನುಗಳು ಸಾಯುತ್ತವೆ.

ಮಿತ್ರರು ಕುದಿಯುವ ನೀರು ಸುರಿದು ತೊಳೆಯಲು ಹೊರಟಿದ್ದರು. ಪುಣ್ಯಕ್ಕೆ ಮಗಳು ತಡೆದಳು. ಈ ಜಾತಿಯ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರವಿಷವುಂಟು. ಹವಾಯಿಯ ವಿಜ್ಞಾನಿಗಳು 1971ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಕುದಿಸಿದಾಗ ಎದ್ದ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ.

ಹಾಗಾದರೆ ಉಪಾಯವೇನು? ಮೊದಲು ವಿದ್ಯುತ್ ಸಂಪರ್ಕ ತೆಗೆಯಬೇಕು. ಗಾಯದ ಮೂಲಕವೂ ವಿಷ ಒಳಸೇರಬಲ್ಲುದಾದ್ದರಿಂದ ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ತೊಟ್ಟಿಯ ನೀರನ್ನೇ ತುಂಬಿದ ಬಕೆಟ್ಟಿನಲ್ಲಿ ಪಂಪನ್ನು ಮುಳುಗಿಸಿ, ಜೀವಿಗಳನ್ನು ಬುಡದಿಂದ ಮೆಲ್ಲನೆ ಬಿಡಿಸಿ ಬೇರೆ ಕಲ್ಲಿಗೆ ಅಂಟಿಸಬೇಕು. ಪಂಪಿನಲ್ಲುಳಿದ ಸುಣ್ಣದ ಪದರ ನೀರು ಬೆರೆಸಿದ ವಿನಿಗರಿನಲ್ಲಿ ನೆನೆದು ಕರಗುತ್ತದೆ, ಕಾಯಿಸಬೇಕಾಗಿಲ್ಲ. ಮುಂದೆ ಆ ಕಲ್ಲನ್ನು ಮರಳಿನ ನಡುವೆ ಒಂಟಿಯಾಗಿರಿಸುವುದು ಲೇಸು.

ಇನ್ನು ನಮ್ಮ ಕಡಲಿನ ಕಲ್ಲುಹವಳವನ್ನಂತೂ ಕಿತ್ತು ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕುಂಟು. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳಗಳ ಚೆಲುವನ್ನು ಕಣ್ಣಲ್ಲೇ ತುಂಬಿಕೊಂಡು ಬರಬೇಕು.