ಆಟದ ಗಣಕಯಂತ್ರಕ್ಕೆ ಬಿಡಿಭಾಗಗಳ ಆಯ್ಕೆ

ಗಣಕಯಂತ್ರದ ಆಟಗಳು ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನಸ್ಸನ್ನು ಸೆಳೆದಿವೆ. ಅಂಗಡಿಯ ಸಿದ್ಧಯಂತ್ರಕ್ಕಿಂತ, ಬಿಡಿಭಾಗಗಳನ್ನು ತಾವೇ ಆರಿಸಿ ಜೋಡಿಸಿದ ಯಂತ್ರವೇ ಬೇಕೆಂಬ ಹಂಬಲವೂ ಕೆಲವರಲ್ಲಿ ಉಂಟು. ಹಂಬಲವು ತಪ್ಪಲ್ಲ. ಆದರೆ ಅದಕ್ಕೆ ತಗಲುವ ಹಣವು ಅನೇಕ ಮನೆಗಳಲ್ಲಿ ವರ್ಷಗಟ್ಟಲೆಯ ಉಳಿತಾಯವಾಗಿರುತ್ತದೆ. ಮಕ್ಕಳು ಭಾಗಗಳ ಹೆಸರುಗಳನ್ನು ಪಟಪಟನೆ ಹೇಳಬಲ್ಲರು. ಅವು ಏಕೆ ಬೇಕೆಂದು ಕೇಳಿದರೆ ಸುಮ್ಮನಾಗುತ್ತಾರೆ. ತಂದೆತಾಯಿಗಳಿಗಾದರೋ ಯಾವುದು ಅಗತ್ಯ, ಯಾವುದು ಆಡಂಬರ ಎಂಬುದು ತಿಳಿಯದು. ಈ ಆಯ್ಕೆಗೆ ಒಂದು ಕ್ರಮವುಂಟು, ಪ್ರತಿಯೊಂದು ಭಾಗಕ್ಕೂ ಒಂದು ಕಾರಣವುಂಟು. ಅವನ್ನು ಇಬ್ಬರಿಗೂ ತಿಳಿಯುವಂತೆ ಇಲ್ಲಿ ವಿವರಿಸಬಯಸುತ್ತೇವೆ.

ಬೇರೆ ಬೇರೆ ಕಾರ್ಖಾನೆಗಳ ಭಾಗಗಳು ಒಂದಕ್ಕೊಂದು ಕೂಡುವುದಾದರೂ ಹೇಗೆ? ೧೯೮೧ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ತನ್ನ ವೈಯಕ್ತಿಕ ಗಣಕಯಂತ್ರವನ್ನು ಹೊರತಂದಾಗ, ಅದರ ಮುಖ್ಯ ಭಾಗಗಳಲ್ಲಿ ಹಲವನ್ನು ಇತರರಿಂದ ಕೊಂಡಿತ್ತು. ರಚನೆಯ ವಿವರಗಳನ್ನೂ ಪ್ರಕಟಿಸಿತ್ತು. ಇದರಿಂದ ಇತರ ತಯಾರಕರೂ ಅದಕ್ಕೆ ಹೊಂದುವ ಭಾಗಗಳನ್ನು ಮಾಡತೊಡಗಿದರು. ೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಅಳತೆಯ ನಿಯಮವನ್ನು ಮುಂದಿಟ್ಟಿತು. ತಿರುಪುಗಳ ತೂತುಗಳು ಎಲ್ಲಿರಬೇಕು, ವಿದ್ಯುತ್ ಹೇಗೆ ಬರಬೇಕು ಎಂಬುದನ್ನು ಅದು ಗೊತ್ತುಪಡಿಸಿತು. ಇಂದು ಒಂದು ಸಂಸ್ಥೆಯ ಮದರ್‌ಬೋರ್ಡು ಇನ್ನೊಂದರ ಕ್ಯಾಬಿನೆಟ್ಟಿನಲ್ಲಿ ಕೂರುವುದು ಇಂತಹ ನಿಯಮಗಳ ಫಲವೇ ಆಗಿದೆ.

ಆಯ್ಕೆಯು ಪರದೆಯಿಂದ ಆರಂಭವಾಗಬೇಕು. ೧೯೨೦×೧೦೮೦ ಅಳತೆಯ ಮಾನಿಟರಿನಲ್ಲಿ ಸುಮಾರು ೨೦.೭ ಲಕ್ಷ ಚುಕ್ಕೆಗಳಿರುತ್ತವೆ. ೩೮೪೦×೨೧೬೦ ಅಳತೆಯದರಲ್ಲಿ ಅದರ ನಾಲ್ಮಡಿ. ಯಂತ್ರವು ಪ್ರತಿ ಚಿತ್ರಕ್ಕೂ ಈ ಚುಕ್ಕೆಗಳ ಬಣ್ಣವನ್ನೆಲ್ಲ ಸಿದ್ಧಗೊಳಿಸಬೇಕು. ಸೆಕೆಂಡಿಗೆ ೬೦ ಚಿತ್ರಗಳಾದರೆ ಒಂದೊಂದಕ್ಕೂ ದೊರೆಯುವ ಕಾಲ ಒಂದು ಸೆಕೆಂಡಿನ ಅರವತ್ತನೆಯ ಒಂದು ಭಾಗ ಮಾತ್ರ. ೬೦ ಚಿತ್ರಗಳನ್ನಷ್ಟೇ ತೋರಿಸಬಲ್ಲ ಪರದೆಯ ಮುಂದೆ ೧೪೪ ಚಿತ್ರಗಳನ್ನು ರಚಿಸುವ ಯಂತ್ರವನ್ನಿಟ್ಟರೆ ಹಣದ ಬಹುಭಾಗ ವ್ಯರ್ಥವಾದಂತೆಯೇ ಸರಿ. ಆಡುವ ಆಟವನ್ನೂ ನೋಡಬೇಕು. ಮೈನ್‌ಕ್ರಾಫ್ಟ್, ರಾಕೆಟ್ ಲೀಗ್‌ನಂತಹವು ಸಾಧಾರಣ ಯಂತ್ರದಲ್ಲಿಯೂ ನಡೆಯುತ್ತವೆ. ವಿಮಾನ ಹಾರಿಸುವ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹೆಚ್ಚಿನ ಶಕ್ತಿಯನ್ನು ಬೇಡುತ್ತದೆ.

ಚಿತ್ರಗಳನ್ನು ರಚಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಅದರಲ್ಲಿ ಸಾವಿರಾರು ಸಣ್ಣ ಲೆಕ್ಕಿಗರು ಏಕಕಾಲದಲ್ಲಿ ದುಡಿಯುತ್ತಾರೆಂದು ಭಾವಿಸಬಹುದು. ಆಟದ ಯಂತ್ರದಲ್ಲಿ ಹಣದ ಹೆಚ್ಚಿನ ಪಾಲು ಇದಕ್ಕೇ ಸಲ್ಲುವುದು ನ್ಯಾಯ. ೨೦೨೫ರಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ ೫೦೬೦ ಎಂಬ ಕಾರ್ಡಿಗೆ ೮ ಜಿಬಿ ಸ್ವಂತ ಸ್ಮರಣೆಯುಂಟು. ಅದು ೧೪೫ ವಾಟ್ ವಿದ್ಯುತ್ತನ್ನು ಬಳಸುತ್ತದೆ. ಅದೇ ವರ್ಷದ ೫೦೯೦ಕ್ಕೆ ೩೨ ಜಿಬಿ, ೫೭೫ ವಾಟ್. ೧೯೨೦×೧೦೮೦ರ ಪರದೆಗೆ ಮೊದಲನೆಯದು ಸಾಕು. ಕೆಲವು ಹೊಸ ಆಟಗಳಲ್ಲಿ ಚಿತ್ರದ ವಿವರಗಳನ್ನು ತುಸು ಇಳಿಸಿಕೊಳ್ಳಬೇಕಾದೀತು, ಅಷ್ಟೆ.

ಆಟದ ನಿಯಮಗಳು, ಪಾತ್ರಗಳ ಚಲನೆ, ಎದುರಾಳಿಯ ನಡೆ ಇವುಗಳ ಲೆಕ್ಕ ಪ್ರೊಸೆಸರಿನದು. ಒಂದೇ ನೊಗದ ಎರಡು ಎತ್ತುಗಳಲ್ಲಿ ಒಂದು ನಿಧಾನವಾದರೆ ಇನ್ನೊಂದರ ಬಲ ಕೆಲಸಕ್ಕೆ ಬಾರದು. ಪ್ರೊಸೆಸರು ಮಂದವಾದರೆ ಬೆಲೆಬಾಳುವ ಕಾರ್ಡು ಕೈಕಟ್ಟಿ ಕುಳಿತಿರುತ್ತದೆ. ಸಾಮಾನ್ಯವಾಗಿ ಆರು ಕೋರ್‌ಗಳ ಹೊಸ ಪ್ರೊಸೆಸರು ಇಂದಿನ ಆಟಗಳಿಗೆ ಸಾಲುತ್ತದೆ.

ಇನ್ನು ಹೊಂದಾಣಿಕೆಯ ವಿಷಯ. ಎಎಮ್‌ಡಿ ಸಂಸ್ಥೆಯು ೨೦೨೨ರಲ್ಲಿ ತಂದ ಎಎಮ್೫ ಎಂಬ ಸಾಕೆಟ್ಟಿನ ಬೋರ್ಡುಗಳಿಗೆ ಡಿಡಿಆರ್೫ ರ್‍ಯಾಮ್ ಮಾತ್ರ ಹೊಂದುತ್ತದೆ. ಅದರ ಹಿಂದಿನ ಎಎಮ್೪ಕ್ಕೆ ಡಿಡಿಆರ್೪. ಇವೆರಡರ ಅಂಚಿನ ಕಚ್ಚುಗಳು ಬೇರೆ ಬೇರೆ ಸ್ಥಳಗಳಲ್ಲಿರುವುದರಿಂದ ಒಂದರ ಜಾಗದಲ್ಲಿ ಮತ್ತೊಂದು ಕೂರದು. ಆದುದರಿಂದ ಪ್ರೊಸೆಸರು, ಮದರ್‌ಬೋರ್ಡು, ರ್‍ಯಾಮ್ ಈ ಮೂರನ್ನು ಒಟ್ಟಿಗೇ ಗೊತ್ತುಮಾಡತಕ್ಕದ್ದು. ೧೬ ಜಿಬಿ ರ್‍ಯಾಮನ್ನು ಒಂದೇ ಪಟ್ಟಿಯಾಗಿ ಕೊಳ್ಳುವುದಕ್ಕಿಂತ ೮ ಜಿಬಿಯ ಎರಡು ಪಟ್ಟಿಗಳಾಗಿ ಕೊಳ್ಳುವುದು ಮೇಲು; ಆಗ ಮಾಹಿತಿಯು ಎರಡು ದಾರಿಗಳಲ್ಲಿ ಹರಿಯುತ್ತದೆ. ೨೦೨೫ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ತೀವ್ರವಾಗಿ ಏರಿತು. ಇಂತಹ ಏರಿಳಿತವಿರುವುದರಿಂದ ನಾವು ಇಲ್ಲಿ ಬೆಲೆಗಳನ್ನು ಬರೆದಿಲ್ಲ. ಕೊಳ್ಳುವ ದಿನದ ಬೆಲೆಯನ್ನು ಎರಡು ಮೂರು ಕಡೆ ವಿಚಾರಿಸಬೇಕು.

ಸಂಗ್ರಹಕ್ಕೆ ಎಸ್‌ಎಸ್‌ಡಿಯೇ ತಕ್ಕದ್ದು. ತಿರುಗುವ ಹಳೆಯ ಹಾರ್ಡ್ ಡಿಸ್ಕಿಗಿಂತ ಅದು ಅನೇಕ ಪಟ್ಟು ವೇಗವುಳ್ಳದ್ದು. ಆಟ ತೆರೆಯಲು ಕಾಯುವ ಕಾಲವನ್ನು ಅದು ಕುಗ್ಗಿಸುತ್ತದೆ. ಆದರೆ ಸೆಕೆಂಡಿನ ಚಿತ್ರಗಳ ಸಂಖ್ಯೆಯನ್ನು ಅಷ್ಟಾಗಿ ಹೆಚ್ಚಿಸದು. ಹೀಗಿರುವಲ್ಲಿ ಅತಿವೇಗದ ಎಸ್‌ಎಸ್‌ಡಿಗಾಗಿ ಕಾರ್ಡಿನ ಹಣವನ್ನು ಕಡಿತಗೊಳಿಸುವುದು ಜಾಣತನವಲ್ಲ.

ಎಲ್ಲರೂ ಉಪೇಕ್ಷಿಸುವ ಭಾಗ ಪವರ್ ಸಪ್ಲೈ. ಮೇಲಿನ ಕಾರ್ಡಿಗೆ ೧೪೫, ಪ್ರೊಸೆಸರಿಗೆ ೯೦, ಉಳಿದವಕ್ಕೆ ೬೫ ವಾಟ್ ಎಂದಿಟ್ಟುಕೊಂಡರೆ ಒಟ್ಟು ೩೦೦ ಆಯಿತು. ಕ್ಷಣಕಾಲದ ಏರಿಕೆಗೂ ಮುಂದಿನ ಅಗತ್ಯಕ್ಕೂ ಸೇರಿಸಿ ೫೫೦ ವಾಟಿನದನ್ನು ಕೊಂಡರೆ ಸಾಕು. ೧೦೦೦ ವಾಟಿನದು ಬೇಡ. ಆದರೆ ಹೆಸರಿಲ್ಲದ ಅಗ್ಗದ ಪೆಟ್ಟಿಗೆಯನ್ನು ಎಂದಿಗೂ ಕೊಳ್ಳಕೂಡದು. ಅದು ಕೆಡುವಾಗ ತಾನೊಂದೇ ಕೆಡದೆ ಇತರ ಭಾಗಗಳನ್ನೂ ಕೆಡಿಸಬಹುದು. ‘೮೦ ಪ್ಲಸ್’ ಎಂಬ ಮುದ್ರೆಯು ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುವುದೆಂಬುದನ್ನು ತಿಳಿಸುತ್ತದೆಯೇ ಹೊರತು ರಕ್ಷಣೆಯ ಭರವಸೆಯನ್ನಲ್ಲ. ಅಧಿಕ ವಿದ್ಯುತ್ತಿನಿಂದ ರಕ್ಷಣೆಯುಂಟೇ, ಎಷ್ಟು ವರ್ಷಗಳ ಖಾತರಿ ಎಂಬುದನ್ನು ಕೇಳಿ ತಿಳಿಯಬೇಕು. ನಮ್ಮ ಕಾಸರಗೋಡಿನ ಕಡೆ ಅಕ್ಟೋಬರ್, ನವೆಂಬರ್ ತಿಂಗಳುಗಳ ಸಂಜೆ ಸಿಡಿಲು ಮಿಂಚುಗಳು ಹೆಚ್ಚು. ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇರಬೇಕು. ಮೋಡ ಕವಿಯುತ್ತಲೇ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ವಯರನ್ನೂ ಇಂಟರ್‌ನೆಟ್ಟಿನ ವಯರನ್ನೂ ಕಳಚಿಡಬೇಕು.

ಕೊನೆಯದು ಕ್ಯಾಬಿನೆಟ್. ಮುಂದಿನಿಂದ ತಂಪುಗಾಳಿ ಒಳಹೊಕ್ಕು ಹಿಂದಿನಿಂದ ಬಿಸಿಗಾಳಿ ಹೊರಡುವಂತಿರಬೇಕು. ಕಾರ್ಡಿನ ಉದ್ದಕ್ಕೆ ಒಳಗೆ ಸ್ಥಳವಿದೆಯೇ ಎಂದು ಅಳತೆ ನೋಡಬೇಕು. ಬಣ್ಣಬಣ್ಣದ ದೀಪಗಳು ಕಣ್ಣಿಗೆ ಅಂದ. ವೇಗಕ್ಕೆ ಅವುಗಳಿಂದ ಏನೂ ಲಾಭವಿಲ್ಲ.

ವಿದ್ಯಾರ್ಥಿಗಳೇ, ಹಣ ಕೇಳುವ ಮುನ್ನ ಒಂದು ಹಾಳೆಯಲ್ಲಿ ಮೂರು ಕಲಮುಗಳನ್ನು ಎಳೆಯಿರಿ: ಭಾಗ, ಅದು ಬೇಕಾದ ಕಾರಣ, ಅದು ಯಾವುದಕ್ಕೆ ಹೊಂದಬೇಕು. ಅದನ್ನು ಮನೆಯವರಿಗೆ ಓದಿ ಹೇಳಿರಿ. ತಂದೆತಾಯಿಗಳಲ್ಲಿ ನಮ್ಮ ವಿನಂತಿಯೂ ಒಂದೇ: ಪ್ರತಿ ಸಾಲಿನಲ್ಲಿಯೂ “ಇದಕ್ಕಿಂತ ಕಡಿಮೆಯದು ಏಕೆ ಸಾಲದು?” ಎಂದು ಕೇಳಿರಿ. ಉತ್ತರ ಸರಿಯಾಗಿ ಬಂದರೆ ಆ ಹಣವನ್ನು ಧೈರ್ಯದಿಂದ ಕೊಡಬಹುದು. ಬಾರದಿದ್ದರೆ ಆ ಸಾಲು ಇನ್ನೂ ಕೆಲವು ದಿನ ಕಾಯಲಿ. ಹೀಗೆ ಕಟ್ಟಿದ ಯಂತ್ರವು ಆಟಕ್ಕೆ ಮಾತ್ರವಲ್ಲದೆ ಕನ್ನಡದಲ್ಲಿ ಬರೆಯುವುದಕ್ಕೂ ಲೆಕ್ಕ, ಚಿತ್ರ, ಪ್ರೋಗ್ರಾಮಿಂಗ್ ಕಲಿಯುವುದಕ್ಕೂ ಅನೇಕ ವರ್ಷ ಒದಗುತ್ತದೆ. ಮುಂದೆ ಒಂದು ಭಾಗ ಹಳತಾದಾಗ ಅದನ್ನೊಂದನ್ನೇ ಬದಲಿಸಿಕೊಳ್ಳಬಹುದು.