ಸಣ್ಣ ಕಾಲೇಜಿಗೆ ಸೇರಿದರೆ ವಿವಿ ತಂಡದಲ್ಲಿ ಆಡಲು ಆಗುವುದಿಲ್ಲವೇ?

'ವಿದ್ಯಾರ್ಥಿಗಳು ಕಡಿಮೆ ಇರುವ ಕಾಲೇಜಿಗೆ ಸೇರಿದರೆ ಆಟದ ಭವಿಷ್ಯ ಮುಗಿದಂತೆ' ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ.

ಅಮೆರಿಕದಲ್ಲಿ ಸಣ್ಣ ಕಾಲೇಜುಗಳು ತಾವೇ ಕೂಡಿ ಕ್ರೀಡಾ ಒಕ್ಕೂಟ ಕಟ್ಟಿಕೊಳ್ಳುತ್ತವೆ. ಒಂದು ಕಾಲೇಜು ಮುಚ್ಚಿದರೆ ಒಕ್ಕೂಟ ಹೊಸ ಸದಸ್ಯರನ್ನು ಹುಡುಕಬೇಕು. ನಮ್ಮಲ್ಲಿ ಹಾಗಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜು ಚಿಕ್ಕದಿರಲಿ, ದೊಡ್ಡದಿರಲಿ, ಅದರ ವಿದ್ಯಾರ್ಥಿ ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಆಡಬಹುದು. ಅಲ್ಲಿ ಮಿಂಚಿದವರು ವಿವಿ ತಂಡಕ್ಕೆ, ಮುಂದೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಂತರ ವಿವಿ ಪಂದ್ಯಗಳಿಗೆ ಹೋಗುತ್ತಾರೆ.

ಹಾಗಾದರೆ ನಿಜ ಎಷ್ಟು? ಕಬಡ್ಡಿಗೆ ಅಂಕಣದಲ್ಲೇ 7 ಜನ ಬೇಕು. ಪ್ರವೇಶಾತಿ ಕುಸಿದರೆ ತಂಡ ಕಟ್ಟುವುದೇ ಕಷ್ಟ. ಓಟ, ಜಿಗಿತ, ಕುಸ್ತಿಗೆ ಒಬ್ಬರಿದ್ದರೂ ಸಾಕು.

ಕಾಲೇಜಿನ ಗಾತ್ರಕ್ಕಿಂತ ಅದು ಯಾವ ವಿವಿಗೆ ಸೇರಿದೆ ಎಂಬುದು ಮುಖ್ಯ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿವಿ ಆದಾಗ ಅತ್ತ ಹೋದ ಕಾಲೇಜುಗಳ ಆಟಗಾರರ ತಂಡವೂ ಬದಲಾಯಿತು.

ಆದ್ದರಿಂದ ಫೀ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ ಎನ್ನುತ್ತೇವೆ ನಾವು: ಕಾಲೇಜು ಯಾವ ವಿವಿಗೆ ಸೇರಿದೆ? ದೈಹಿಕ ಶಿಕ್ಷಣ ನಿರ್ದೇಶಕರು ಇದ್ದಾರೆಯೇ? ಕಳೆದ ವರ್ಷ ನಿಮ್ಮ ಆಟಕ್ಕೆ ತಂಡ ಹೋಗಿತ್ತೇ? ಉತ್ತರ ಸಿಕ್ಕ ಮೇಲೆ ಫಾರ್ವರ್ಡ್ ಮಾಡಿ.