ಹಿಂಬಂಡಿಗೂ ಬೇಕು ಹಿಡಿತ: ಟ್ರೇಲರಿನ ಬ್ರೇಕ್ ಕಂಟ್ರೋಲರ್ ಆಯ್ಕೆ

ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆನಿಂತ ಅನೇಕ ಕನ್ನಡ ಕುಟುಂಬಗಳ ಮಕ್ಕಳು ಇಂದು ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಲ್ಲಿದ್ದಾರೆ. ಅಲ್ಲಿ ರಜೆಯ ದಿನಗಳಲ್ಲಿ ವಾಹನದ ಹಿಂದೆ ಪುಟ್ಟ ಮನೆಯಂಥ ಕ್ಯಾರವಾನ್ ಅಥವಾ ದೋಣಿ ಹೊತ್ತ ಟ್ರೇಲರ್ ಜೋಡಿಸಿಕೊಂಡು ಪ್ರವಾಸ ಹೊರಡುವವರು ಬಹಳ. ಮಕ್ಕಳನ್ನು ಕಾಣಲು ಹೋದ ತಂದೆತಾಯಿಯರೂ ಮೊಮ್ಮಕ್ಕಳೊಡನೆ ಹಿಂದಿನ ಆಸನದಲ್ಲಿರುತ್ತಾರೆ. ಆ ಪ್ರಯಾಣದ ಕ್ಷೇಮವು ಚಾಲಕನ ಕೈಗೆಟಕುವಲ್ಲಿ ಅಳವಡಿಸಿದ ಒಂದು ಸಣ್ಣ ಉಪಕರಣವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಅದೇ ವಿದ್ಯುತ್ ಬ್ರೇಕ್ ಕಂಟ್ರೋಲರ್.

ಇಳಿಜಾರಿನಲ್ಲಿ ಗಾಡಿಯ ಭಾರವೆಲ್ಲ ಎತ್ತುಗಳ ಮೇಲೆ ನುಗ್ಗಿ ಬರುವುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಟ್ರೇಲರಿನ ಕಥೆಯೂ ಅದೇ. ಮುಂದಿನ ವಾಹನ ಮಾತ್ರ ಬ್ರೇಕ್ ಹಾಕಿದರೆ ಹಿಂದಿನ ಭಾರ ಅದನ್ನು ತಳ್ಳುತ್ತದೆ. ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಜಾರುವ ರಸ್ತೆಯಲ್ಲಿ ಎರಡೂ ಕತ್ತರಿಯಂತೆ ಮಡಚಿಕೊಳ್ಳುವ ಅಪಾಯವೂ ಉಂಟು.

ಆದುದರಿಂದ ಟ್ರೇಲರಿನ ಚಕ್ರಗಳಿಗೂ ಬ್ರೇಕ್ ಇರುತ್ತದೆ. ಡ್ರಮ್ಮಿನೊಳಗಿನ ವಿದ್ಯುತ್ಕಾಂತಕ್ಕೆ ಕಂಟ್ರೋಲರ್ ವಿದ್ಯುತ್ ಹರಿಸಿದೊಡನೆ, ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಒಂದು ಸನ್ನೆಯನ್ನು ಎಳೆಯುತ್ತದೆ; ಆ ಸನ್ನೆ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ವಿದ್ಯುತ್ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಎಷ್ಟು ವಿದ್ಯುತ್ ಯಾವಾಗ ಹರಿಯಬೇಕೆಂಬುದನ್ನು ನಿರ್ಧರಿಸುವುದೇ ಕಂಟ್ರೋಲರಿನ ಕೆಲಸ.

ಎರಡು ಬಗೆಗಳು

ಮೊದಲನೆಯದು ಕಾಲಾಧಾರಿತ ಬಗೆ. ಚಾಲಕ ಬ್ರೇಕ್ ತುಳಿದೊಡನೆ ಇದು ಮೊದಲೇ ಗೊತ್ತುಪಡಿಸಿದ ಪ್ರಮಾಣಕ್ಕೆ ಹಂತಹಂತವಾಗಿ ವಿದ್ಯುತ್ ಏರಿಸುತ್ತದೆ. ಬೆಲೆ ಕಡಿಮೆ, ಅಳವಡಿಕೆಯೂ ಸುಲಭ. ಆದರೆ ಮೆಲ್ಲನೆ ತುಳಿದರೂ ಗಾಬರಿಯಿಂದ ಒತ್ತಿದರೂ ಅದರ ಪ್ರತಿಕ್ರಿಯೆ ಒಂದೇ. ಎರಡನೆಯದು ಪ್ರಮಾಣಾನುಸಾರಿ ಬಗೆ. ವಾಹನದ ವೇಗ ಎಷ್ಟು ತೀವ್ರವಾಗಿ ತಗ್ಗುತ್ತಿದೆಯೆಂಬುದನ್ನು ಒಳಗಿನ ಸಂವೇದಕದಿಂದ ಅರಿತು, ಅದಕ್ಕೆ ತಕ್ಕಂತೆ ಟ್ರೇಲರನ್ನೂ ತಡೆಯುತ್ತದೆ. ಭಾರವಾದ ಕ್ಯಾರವಾನಿಗೆ, ಘಟ್ಟದ ದಾರಿಗೆ, ನಗರದ ದಟ್ಟಣೆಗೆ ಇದೇ ಲೇಸು. ಅಪರೂಪಕ್ಕೊಮ್ಮೆ ಹಗುರ ಟ್ರೇಲರ್ ಎಳೆಯುವವರಿಗೆ ಮೊದಲನೆಯದೂ ಸಾಕಾದೀತು.

ಯಾವುದೇ ಬಗೆಯಾದರೂ ಕೈಯಿಂದ ಒತ್ತುವ ಗುಂಡಿ ಅಥವಾ ಸನ್ನೆ ಸುಲಭವಾಗಿ ಸಿಗುವಂತಿರಬೇಕು. ಟ್ರೇಲರ್ ಅತ್ತಿತ್ತ ಓಲಾಡತೊಡಗಿದಾಗ ಟ್ರೇಲರಿನ ಬ್ರೇಕನ್ನಷ್ಟೇ ಮೆಲ್ಲನೆ ಹಿಡಿದು ಅದನ್ನು ನೇರಗೊಳಿಸಲು ಅದೇ ಆಸರೆ.

ಕೊಳ್ಳುವ ಮುನ್ನ

ಮೊದಲು ನೋಡಬೇಕಾದುದು ಸಾಮಾನು, ನೀರು ತುಂಬಿದ ಟ್ರೇಲರಿನ ತೂಕವೇ ಹೊರತು ಖಾಲಿ ತೂಕವಲ್ಲ. ಅನಂತರ ಅಚ್ಚುಗಳ ಸಂಖ್ಯೆ. ಪ್ರತಿ ಅಚ್ಚಿಗೆ ಎರಡು ಬ್ರೇಕುಗಳು, ಪ್ರತಿ ಬ್ರೇಕಿಗೆ ಸುಮಾರು 3 ಆಂಪಿಯರ್ ವಿದ್ಯುತ್. ಎರಡು ಅಚ್ಚಿನ ಟ್ರೇಲರಿಗೆ ಸುಮಾರು 12 ಆಂಪಿಯರ್ ಬೇಕು. ಕಂಟ್ರೋಲರ್ ಅಷ್ಟನ್ನು ಒದಗಿಸಬಲ್ಲದೇ ಎಂದು ವಿಚಾರಿಸಬೇಕು. ಟ್ರೇಲರಿನಲ್ಲಿ ವಿದ್ಯುತ್ತಿನಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಎಲ್ಲ ಕಂಟ್ರೋಲರುಗಳೂ ಅದಕ್ಕೆ ಹೊಂದುವುದಿಲ್ಲ. ಅಮೆರಿಕದಲ್ಲಿ ದೀಪಗಳಿಗಷ್ಟೇ ಇರುವ ನಾಲ್ಕು ಪಿನ್ನಿನ ಜೋಡಣೆ ಸಾಲದು. ಬ್ರೇಕಿನ ತಂತಿಯಿರುವ ಏಳು ಪಿನ್ನಿನದು ಬೇಕು. ಕೆಲವು ಪಿಕಪ್ ವಾಹನಗಳಲ್ಲಿ ಕಂಟ್ರೋಲರ್ ಕಾರ್ಖಾನೆಯಿಂದಲೇ ಬಂದಿರುವುದರಿಂದ ಅದನ್ನು ಮೊದಲು ಪರಿಶೀಲಿಸುವುದು ಒಳಿತು.

ಕಾನೂನಿನ ಮಾತೂ ಉಂಟು. ಆಸ್ಟ್ರೇಲಿಯದಲ್ಲಿ ಚಕ್ರಗಳ ಮೇಲಿನ ಭಾರ 750 ಕಿಲೋ ಮೀರಿದರೆ ಬ್ರೇಕ್ ಕಡ್ಡಾಯ. 2,000 ಕಿಲೋ ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಬೇಕು, ಜೊತೆಗೆ ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆಯೂ ಬೇಕು. ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಲವೆಡೆ ಮಿತಿ 3,000 ಪೌಂಡ್, ಕ್ಯಾಲಿಫೋರ್ನಿಯದಲ್ಲಿ ಕ್ಯಾರವಾನುಗಳಿಗೆ 1,500 ಪೌಂಡ್. ಬ್ರಿಟನ್ನಿನ ಕ್ಯಾರವಾನುಗಳಲ್ಲಿ ಸಾಮಾನ್ಯವಾಗಿ ಯಾಂತ್ರಿಕ ಬ್ರೇಕ್ ಇರುವುದರಿಂದ ಅಲ್ಲಿ ಈ ಉಪಕರಣದ ಅಗತ್ಯ ಬೀಳದು.

ಹೊಂದಿಸಿದರಷ್ಟೇ ಪ್ರಯೋಜನ

ಎಷ್ಟೇ ಬೆಲೆಯ ಕಂಟ್ರೋಲರ್ ಆದರೂ ಹೊಂದಿಸದಿದ್ದರೆ ವ್ಯರ್ಥ. ಒಣಗಿದ, ಸಮತಟ್ಟಾದ, ನಿರ್ಜನ ರಸ್ತೆಯಲ್ಲಿ ಗಂಟೆಗೆ 30ರಿಂದ 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತ, ಕೈಸನ್ನೆಯಿಂದ ಟ್ರೇಲರಿನ ಬ್ರೇಕ್ ಹಿಡಿದು ನೋಡಬೇಕು. ಚಕ್ರಗಳು ಬಿಗಿದು ಜಾರುವ ಹಂತಕ್ಕೆ ತುಸು ಕೆಳಗೆ ಪ್ರಮಾಣವನ್ನು ನಿಲ್ಲಿಸಬೇಕು. ಹೊರೆ ಬದಲಾದಾಗ, ಮಳೆ ಅಥವಾ ಹಿಮ ಬಿದ್ದಾಗ ಮತ್ತೆ ಹೊಂದಿಸಬೇಕು. ಹತ್ತು ನಿಮಿಷಗಳ ಕೆಲಸವಿದು. ಮುಂದಿನ ಸಲ ಮಕ್ಕಳು ಪ್ರವಾಸಕ್ಕೆ ಸಿದ್ಧರಾದಾಗ, ಬುತ್ತಿಯ ಬಗ್ಗೆ ಕೇಳುವ ಹಿರಿಯರು ಹಿಂಬಂಡಿಯ ಬ್ರೇಕ್ ಪರೀಕ್ಷಿಸಿದ್ದಾರೆಯೇ ಎಂದೂ ಕೇಳಿದರೆ ಅದು ಅತಿಯೆನಿಸದು.